ಹಿಮಗಡಲಿನ ವೈದ್ಯ: ಎಡ್ವರ್ಡ್ ವಿಲ್ಸನ್

ನಮ್ಮ ಮನೆಯಲ್ಲಿ ಹಸುವೊಂದು ಮೇವು ಬಿಟ್ಟು ನಿಂತರೆ ನಮ್ಮ ತಂದೆಯವರು ಮೊದಲು ಮಾಡುವ ಕೆಲಸವೆಂದರೆ ಅದರ ಸಗಣಿಯನ್ನು ಕೋಲಿನಿಂದ ಕೆದಕಿ ನೋಡುವುದು. ಅದು ಏನನ್ನು ತಿಂದಿದೆ, ತಿಂದದ್ದು ಅರಗಿದೆಯೆ, ಹೊಟ್ಟೆಯಲ್ಲಿ ಹುಳುವಿದೆಯೆ ಎಂಬುದೆಲ್ಲ ಅವರಿಗೆ ಅಲ್ಲಿಯೇ ತಿಳಿಯುತ್ತದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಾತು ಬಾರದ ಪ್ರಾಣಿಯ ಸುಖದುಃಖವನ್ನು ಅರಿಯಬೇಕಾದರೆ ಅದರ ಹೊಟ್ಟೆಯ ಸಮಾಚಾರವನ್ನು ಮೊದಲು ಅರಿಯಬೇಕೆಂಬುದನ್ನು ಅವರಿಗೆ ಯಾವ ಗುರುವೂ ಕಲಿಸಲಿಲ್ಲ. ಕಾಲೇಜಿಗೆ ಸೇರಿದ ಹೊಸತರಲ್ಲಿ ನಾನು ಇದನ್ನು ವಿದ್ಯೆಯೆಂದು ಎಣಿಸಿರಲಿಲ್ಲ. ದಕ್ಷಿಣ ಧ್ರುವದ ಯಾತ್ರೆಗಳ ಚರಿತ್ರೆಯನ್ನು ಓದುತ್ತ ಹೋದಾಗ, ಇದೇ ಪ್ರಶ್ನೆಯನ್ನು ಬಾಳೆಲ್ಲ ಕೇಳುತ್ತ ನಡೆದ ಒಬ್ಬ ಮಹನೀಯನ ಪರಿಚಯವಾಯಿತು. ಆತನೇ ಡಾಕ್ಟರ್ ಎಡ್ವರ್ಡ್ ವಿಲ್ಸನ್. ಕ್ಯಾಪ್ಟನ್ ಸ್ಕಾಟನ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಸ್ಕಾಟನ ಪಕ್ಕದಲ್ಲಿಯೇ ಮಲಗಿ ಪ್ರಾಣಬಿಟ್ಟ ಈ ವೈದ್ಯನನ್ನು ಬಲ್ಲವರು ಹೆಚ್ಚು ಮಂದಿ ಇಲ್ಲ. ಆದುದರಿಂದ ಆತನ ಚರಿತ್ರೆಯನ್ನು ಸಹಪಾಠಿಗಳ ಮುಂದೆ ಇಡಲು ಇಚ್ಛಿಸುತ್ತೇನೆ.

ಎಡ್ವರ್ಡ್ ಏಡ್ರಿಯನ್ ವಿಲ್ಸನ್ ೧೮೭೨ನೆಯ ಇಸವಿ ಜುಲೈ ೨೩ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಂ ಪಟ್ಟಣದಲ್ಲಿ ಹುಟ್ಟಿದನು. ತಂದೆ ಆ ಊರಿನ ವೈದ್ಯ. ಬಾಲಕನಿಗೆ ಪಾಠಕ್ಕಿಂತ ಊರ ಹೊರಗಿನ ಹೊಲಗದ್ದೆಗಳಲ್ಲಿ ಹಕ್ಕಿಗಳನ್ನು ನೋಡುತ್ತ ಅಲೆಯುವುದರಲ್ಲಿಯೇ ಆಸಕ್ತಿ. ನೋಡಿದ್ದನ್ನು ಕಾಗದದ ಮೇಲೆ ಬರೆಯುವ ಚಟವೂ ಎಳವೆಯಲ್ಲಿಯೇ ಅಂಟಿತು. ಚಿತ್ರಕಲೆಯನ್ನು ಆತನು ಹೆಚ್ಚಾಗಿ ತಾನೇ ಕಲಿತುಕೊಂಡನು. ೧೮೯೧ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿ, ೧೮೯೪ರಲ್ಲಿ ಪ್ರಕೃತಿ ವಿಜ್ಞಾನಗಳಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣನಾದನು. ಅನಂತರ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಅಭ್ಯಾಸ ಮಾಡಿದನು.

ಲಂಡನ್ನಿನಲ್ಲಿದ್ದಾಗ ವಿಲ್ಸನ್ ಬ್ಯಾಟರ್‌ಸೀ ಎಂಬ ಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದನು. ಹಗಲು ಆಸ್ಪತ್ರೆ, ಸಂಜೆ ಬಡವರ ಮಕ್ಕಳು, ರಾತ್ರಿ ಓದು. ಹೀಗೆ ದೇಹವನ್ನು ಲೆಕ್ಕಿಸದೆ ದುಡಿದುದರ ಫಲವಾಗಿ ೧೮೯೮ರಲ್ಲಿ ಆತನಿಗೆ ಕ್ಷಯರೋಗ ತಗುಲಿತು. ಆ ಕಾಲದಲ್ಲಿ ಕ್ಷಯವೆಂದರೆ ಬದುಕಿನ ಆಸೆಯನ್ನೇ ಬಿಡಬೇಕಾದ ಕಾಯಿಲೆ. ಆರೈಕೆಗಾಗಿ ನಾರ್ವೆಯಲ್ಲಿಯೂ ಸ್ವಿಟ್ಜರ್ಲೆಂಡಿನಲ್ಲಿಯೂ ತಿಂಗಳುಗಟ್ಟಲೆ ಕಳೆದನು. ಅಲ್ಲಿ ಸುಮ್ಮನೆ ಮಲಗಿರಲಾರದೆ ಹಿಮದ ಮೇಲೆ ಬೀಳುವ ಬೆಳಕನ್ನೂ ನೆರಳನ್ನೂ ಚಿತ್ರಿಸುತ್ತ ಕುಳಿತನು. ಮುಂದೆ ಹಿಮದ ನಾಡಿನಲ್ಲಿ ಆತನ ಕೈಗೆ ಬಂದ ಕುಶಲತೆಯ ಬೀಜ ಹೀಗೆ ರೋಗಶಯ್ಯೆಯ ಬಳಿಯಲ್ಲಿಯೇ ಬಿದ್ದಿತು.

೧೯೦೦ರಲ್ಲಿ ವೈದ್ಯ ಪದವಿ ದೊರೆಯಿತು. ಆಗ ಸ್ಕಾಟನ ನಾಯಕತ್ವದಲ್ಲಿ ಡಿಸ್ಕವರಿ ಎಂಬ ಹಡಗು ದಕ್ಷಿಣ ಧ್ರುವ ಪ್ರದೇಶಕ್ಕೆ ಹೊರಡಲು ಸಿದ್ಧವಾಗುತ್ತಿದ್ದಿತು. ಕಿರಿಯ ವೈದ್ಯ, ಪ್ರಾಣಿವಿಜ್ಞಾನಿ ಮತ್ತು ಚಿತ್ರಕಾರ, ಈ ಮೂರು ಹೊಣೆಗಳಿಗೂ ವಿಲ್ಸನ್ನನೊಬ್ಬನನ್ನೇ ಆರಿಸಿದರು. ದೇಹಪರೀಕ್ಷೆಯಲ್ಲಿ ಶ್ವಾಸಕೋಶದ ಹಳೆಯ ಗಾಯದ ಗುರುತು ಕಂಡುಬಂದಿತಾದರೂ ಸ್ಕಾಟನು ಆತನನ್ನು ಬಿಡಲಿಲ್ಲ. ೧೯೦೧ರ ಜುಲೈ ೧೬ರಂದು ಓರಿಯಾನ ಎಂಬಾಕೆಯೊಡನೆ ವಿಲ್ಸನ್ನನ ವಿವಾಹವಾಯಿತು. ಮೂರು ವಾರ ಕಳೆಯುವುದರೊಳಗೆ ಹಡಗು ಲಂಗರು ಎತ್ತಿತು.

೧೯೦೨ರ ಆರಂಭದಲ್ಲಿ ಡಿಸ್ಕವರಿ ಹಡಗು ರಾಸ್ ಸಮುದ್ರದ ತುದಿಯಲ್ಲಿರುವ ಮೆಕ್‌ಮರ್ಡೊ ಖಾರಿಯನ್ನು ತಲಪಿ, ಅಲ್ಲಿಯೇ ಹಿಮದಲ್ಲಿ ಹೂತುಕೊಂಡು, ೧೯೦೪ರ ಫೆಬ್ರವರಿಯವರೆಗೆ ಅಲುಗಾಡದೆ ನಿಂತಿತು. ಆ ನಾಡಿನಲ್ಲಿ ಮರವಿಲ್ಲ, ಮೇಯಲು ಹುಲ್ಲಿಲ್ಲ. ಅಲ್ಲಿನ ದೊಡ್ಡ ಪ್ರಾಣಿಗಳೆಲ್ಲ ಕಡಲನ್ನೇ ನಂಬಿ ಬಾಳತಕ್ಕವು. ಅವುಗಳಲ್ಲಿ ಮುಖ್ಯವಾದದ್ದು ಸೀಲ್. ಇದು ಮೀನಲ್ಲ, ನಮ್ಮ ಹಸುವಿನಂತೆ ಮರಿಗೆ ಹಾಲೂಡುವ, ಗಾಳಿಯನ್ನು ಉಸಿರಾಡುವ ಪ್ರಾಣಿ. ಕಾಲುಗಳು ಈಜುರೆಕ್ಕೆಗಳಾಗಿ ಮಾರ್ಪಟ್ಟಿವೆ. ಚರ್ಮದ ಕೆಳಗೆ ದಪ್ಪನಾದ ಕೊಬ್ಬಿನ ಕಂಬಳಿಯಿದೆ. ಮಂಜಿನ ಮೇಲೆ ಮೂಟೆಯಂತೆ ಬಿದ್ದಿರುವ ಈ ಜೀವಿ ನೀರಿಗಿಳಿದೊಡನೆ ಬಾಣದಂತಾಗುತ್ತದೆ. ಆದರೆ ನೀರಿನ ಕೆಳಗೆ ಅದು ಎಲ್ಲಿಗೆ ಹೋಗುತ್ತದೆ, ಏನನ್ನು ಹಿಡಿಯುತ್ತದೆ ಎಂಬುದನ್ನು ಕಂಡವರು ಆಗ ಯಾರೂ ಇರಲಿಲ್ಲ.

ವಿಲ್ಸನ್ನನಿಗೆ ಇದ್ದ ದಾರಿ ಒಂದೇ. ಹಡಗಿನವರ ಅಡಿಗೆಗಾಗಿ ಸೀಲ್‌ಗಳನ್ನು ಕೊಲ್ಲಲೇಬೇಕಾಗಿದ್ದಿತು. ಸಂಗ್ರಹಕ್ಕಾಗಿಯೂ ಕೆಲವನ್ನು ಕೊಲ್ಲುತ್ತಿದ್ದರು. ಅಂಥ ಪ್ರಾಣಿಯ ಜಠರವನ್ನು ಕೊಯ್ದು ಅದರೊಳಗಿದ್ದುದನ್ನು ನೋಡುವುದೇ ಆ ದಾರಿ. ಕೈಗವಸು ತೆಗೆದರೆ ಬೆರಳು ಮರಗಟ್ಟುವ ಚಳಿಯಲ್ಲಿ ಇದು ಸುಲಭದ ಕೆಲಸವಲ್ಲ. ಅರೆಬರೆ ಅರಗಿದ ಮುದ್ದೆಯಲ್ಲಿ ಮೀನಿನ ಮೂಳೆ ಯಾವುದು, ಸಿಗಡಿಯ ಚಿಪ್ಪು ಯಾವುದು, ನಮ್ಮ ಕರಾವಳಿಯವರು ಬೊಂಡಾಸವೆನ್ನುವ ಪ್ರಾಣಿಯ ಕೊಕ್ಕು ಯಾವುದು ಎಂದು ಬೇರ್ಪಡಿಸಬೇಕು. ಹಡಗಿನ ಇನ್ನೊಬ್ಬ ಜೀವವಿಜ್ಞಾನಿ ಹಾಡ್ಜ್‌ಸನ್ ಎಂಬಾತನು ಮಂಜಿನಲ್ಲಿ ತೂತು ಕೊರೆದು ಬಲೆಯಿಳಿಸಿ ಕಡಲಿನ ಜೀವಿಗಳನ್ನು ಮೇಲೆತ್ತುತ್ತಿದ್ದನು. ಕಡಲಿನಲ್ಲಿ ಏನಿದೆ ಎಂಬುದನ್ನು ಬಲೆ ಹೇಳಿತು. ಅದರಲ್ಲಿ ಯಾವುದು ಯಾರ ಪಾಲು ಎಂಬುದನ್ನು ಜಠರ ಹೇಳಿತು.

ಈ ರೀತಿಯಾಗಿ ಆ ಕಡಲಿನ ನಾಲ್ಕು ಜಾತಿಯ ಸೀಲ್‌ಗಳ ಆಹಾರವು ಬೇರೆ ಬೇರೆ ಎಂಬುದು ಸ್ಪಷ್ಟವಾಗತೊಡಗಿತು. ದಡಕ್ಕೆ ಅಂಟಿದ ಮಂಜಿನ ಕೆಳಗೆ ಬಾಳುವ ವೆಡ್ಡೆಲ್ ಸೀಲ್ ಮುಖ್ಯವಾಗಿ ಮೀನನ್ನು ತಿನ್ನುತ್ತದೆ. ಬೊಂಡಾಸವೂ ಸಿಗಡಿಯಂಥ ಜೀವಿಗಳೂ ಅದರ ಊಟದಲ್ಲಿ ಸೇರುತ್ತವೆ. ರಾಸ್ ಸೀಲ್‌ಗೆ ಬೊಂಡಾಸವೇ ಹೆಚ್ಚು ಪ್ರಿಯ. ಚಿರತೆ ಸೀಲ್ ಎಂಬ ಬೇಟೆಗಾರ ಪ್ರಾಣಿ ಪೆಂಗ್ವಿನ್ ಹಕ್ಕಿಗಳನ್ನೂ ಇತರ ಸೀಲ್‌ಗಳ ಮರಿಗಳನ್ನೂ ಬಿಡುವುದಿಲ್ಲ. ನಾಲ್ಕನೆಯದರ ಹೆಸರು ಏಡಿಭಕ್ಷಕ ಸೀಲ್. ಹೆಸರು ಕೇಳಿದವರು ಅದು ಏಡಿ ತಿನ್ನುವುದೆಂದೇ ನಂಬುತ್ತಾರೆ. ಆದರೆ ಅದರ ಜಠರದಲ್ಲಿ ಏಡಿಯ ಸುಳಿವೇ ಇಲ್ಲ! ಅಲ್ಲಿ ತುಂಬಿದ್ದುದು ಕ್ರಿಲ್ ಎಂಬ, ಬೆರಳುದ್ದವನ್ನೂ ಮೀರದ, ಸಿಗಡಿಯಂತಿರುವ ಕೆಂಬಣ್ಣದ ಜೀವಿ. ಈ ಸೀಲಿನ ದವಡೆಹಲ್ಲುಗಳು ಕವಲುಕವಲಾಗಿದ್ದು, ಬಾಯಿ ಮುಚ್ಚಿದಾಗ ಒಂದರೊಳಗೊಂದು ಹೆಣೆದುಕೊಂಡು ಜರಡಿಯಾಗುತ್ತವೆ. ನೀರು ಹೊರಗೆ ಹೋಗುತ್ತದೆ, ಕ್ರಿಲ್ ಒಳಗೆ ಉಳಿಯುತ್ತದೆ. ಹೆಸರು ಸುಳ್ಳು ಹೇಳಿದರೂ ಹಲ್ಲು ಸುಳ್ಳು ಹೇಳಲಿಲ್ಲ.

ವಿಲ್ಸನ್ನನ ಚಿತ್ರಕಲೆಯೂ ಇದೇ ಸತ್ಯನಿಷ್ಠೆಯ ಇನ್ನೊಂದು ಮುಖವಾಗಿದ್ದಿತು. ಹೊರಗಿನ ಚಳಿಯಲ್ಲಿ ಬಣ್ಣದ ನೀರು ಹೆಪ್ಪುಗಟ್ಟುತ್ತಿದ್ದುದರಿಂದ ಪೆನ್ಸಿಲಿನಲ್ಲಿ ರೇಖೆಗಳನ್ನು ಮಾತ್ರ ಎಳೆದು, ಎಲ್ಲೆಲ್ಲಿ ಯಾವ ಬಣ್ಣವೆಂದು ಪಕ್ಕದಲ್ಲಿ ಬರೆದುಕೊಂಡು, ಒಳಗೆ ಬಂದು ದೀಪದ ಬೆಳಕಿನಲ್ಲಿ ಬಣ್ಣ ತುಂಬುತ್ತಿದ್ದನು. ಕಂಡದ್ದಕ್ಕಿಂತ ಚೆಂದವಾಗಿ ಬರೆಯಬೇಕೆಂಬ ಆಸೆ ಆತನಿಗಿರಲಿಲ್ಲ. ಕಂಡಂತೆ ಬರೆದರೆ ಸಾಕಾಗಿದ್ದಿತು.

ಸೀಲ್‌ಗಳ ಹೊಟ್ಟೆಯನ್ನು ಶೋಧಿಸುತ್ತಿದ್ದ ವೈದ್ಯನಿಗೆ ಮನುಷ್ಯರ ಹೊಟ್ಟೆಯ ಪ್ರಶ್ನೆಯೂ ಬೇಗನೆ ಎದುರಾಯಿತು. ೧೯೦೨ರಲ್ಲಿ ಹಡಗಿನವರಲ್ಲಿ ಸ್ಕರ್ವಿ ರೋಗ ಕಾಣಿಸಿಕೊಂಡಿತು. ಒಸಡು ಬಾತು ರಕ್ತ ಒಸರುವುದು, ಕಾಲು ಊದಿ ಕಪ್ಪಾಗುವುದು, ನಿಶ್ಶಕ್ತಿ, ಕೊನೆಗೆ ಮರಣ, ಇದು ಅದರ ಕ್ರಮ. ಸಿ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಕೆಟ್ಟ ಡಬ್ಬಿ ಮಾಂಸವೇ ಕಾರಣವೆಂದು ಅನೇಕರು ನಂಬಿದ್ದರು. ಹಡಗಿನಲ್ಲಿ ಡಬ್ಬಿ ಮಾಂಸವನ್ನು ಬಿಟ್ಟು ತಾಜಾ ಸೀಲ್ ಮಾಂಸವನ್ನು ಬಡಿಸತೊಡಗಿದ ಮೇಲೆ ರೋಗ ಹಿಮ್ಮೆಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಕಾಟ್, ಶ್ಯಾಕಲ್ಟನ್ ಮತ್ತು ವಿಲ್ಸನ್ ಮೂವರೂ ಜಾರುಬಂಡಿಗಳೊಡನೆ ದಕ್ಷಿಣಕ್ಕೆ ಹೊರಟು, ಡಿಸೆಂಬರ್ ೩೦ರಂದು ೮೨ ಡಿಗ್ರಿ ೧೭ ಮಿನಿಟು ಅಕ್ಷಾಂಶವನ್ನು ಮುಟ್ಟಿದರು. ಅಷ್ಟು ದಕ್ಷಿಣಕ್ಕೆ ಅದುವರೆಗೆ ಯಾರೂ ಹೋಗಿರಲಿಲ್ಲ. ಹಿಂದಿರುಗುವಾಗ ಮೂವರಿಗೂ ಸ್ಕರ್ವಿ; ಶ್ಯಾಕಲ್ಟನ್ ರಕ್ತ ಕೆಮ್ಮುತ್ತಿದ್ದನು; ಹಿಮದ ಬೆಳಕಿನಿಂದ ವಿಲ್ಸನ್ನನ ಕಣ್ಣುಗಳಲ್ಲಿ ಅಸಹ್ಯ ನೋವು. ೧೯೦೩ರ ಫೆಬ್ರವರಿ ೩ರಂದು ಹಡಗನ್ನು ಸೇರಿದ ಮೇಲೆ ಅವರನ್ನು ಬದುಕಿಸಿದ ಪಥ್ಯದಲ್ಲಿ ಸೀಲ್ ಮಾಂಸದ ಪಾಲು ದೊಡ್ಡದು. ಕಡಲಿನಿಂದ ಸೀಲ್ ಪಡೆದುದು ಸೀಲಿನಿಂದ ಮನುಷ್ಯನಿಗೆ ಬಂದಿತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಕಥೆಯ ಕೊನೆಗೆ ಇದು ಬೇಕಾಗುತ್ತದೆ.

೧೯೦೪ರಲ್ಲಿ ತಾಯ್ನಾಡಿಗೆ ಮರಳಿದ ವಿಲ್ಸನ್ ತಾನು ಕಂಡ ಪ್ರಾಣಿಪಕ್ಷಿಗಳ ವರದಿಯನ್ನು ಬರೆದನು. ಅದು ೧೯೦೭ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಇನ್ನೊಂದು ಕೆಲಸ ಆತನನ್ನು ಕರೆಯಿತು. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿಗಳು ಗುಂಪುಗುಂಪಾಗಿ ಸಾಯುತ್ತಿದ್ದವು. ಕಾರಣವನ್ನು ಪತ್ತೆಹಚ್ಚಲು ಸರಕಾರ ನೇಮಿಸಿದ ಸಮಿತಿಗಾಗಿ ೧೯೦೫ರಿಂದ ಐದು ವರ್ಷ ಬೆಟ್ಟ ಅಲೆದು ಸುಮಾರು ೨,೦೦೦ ಹಕ್ಕಿಗಳನ್ನು ಆತನು ಕೊಯ್ದು ಪರೀಕ್ಷಿಸಿದನು. ಕೊನೆಗೆ ಸಿಕ್ಕಿದ ಅಪರಾಧಿ ಕರುಳಿನಲ್ಲಿ ಸೇರುವ ಕೂದಲೆಳೆಯಂಥ ಹುಳು. ಅದರ ಮರಿಗಳು ಹೆದರ್ ಎಂಬ ಪೊದೆಯ ಕುಡಿಗಳಿಗೆ ಏರುತ್ತವೆ. ಆ ಕುಡಿಯೇ ಗ್ರೌಸ್ ಹಕ್ಕಿಯ ಆಹಾರ. ಅದು ತಿನ್ನುವ ತುತ್ತಿನಲ್ಲಿಯೇ ಅದರ ಮೃತ್ಯು ಅಡಗಿದ್ದಿತು. ಸೀಲ್ ಆದರೇನು, ಹಕ್ಕಿಯಾದರೇನು, ವಿಲ್ಸನ್ನನ ಪ್ರಶ್ನೆ ಮಾತ್ರ ಒಂದೇ. ೧೯೦೭ರಲ್ಲಿ ಶ್ಯಾಕಲ್ಟನ್ ತನ್ನ ಧ್ರುವಯಾತ್ರೆಗೆ ಆಹ್ವಾನಿಸಿದಾಗ, ಕೈಗೆತ್ತಿಕೊಂಡ ಈ ಕೆಲಸವನ್ನು ನಡುವೆ ಬಿಟ್ಟು ಬರಲಾಗದೆಂದು ಆತನು ಹೋಗಲಿಲ್ಲ. ಕೀರ್ತಿಯನ್ನು ಬಿಟ್ಟು ಕರ್ತವ್ಯವನ್ನು ಹಿಡಿಯುವುದು ಆಡಿದಷ್ಟು ಸುಲಭವಲ್ಲ.

೧೯೧೦ರಲ್ಲಿ ಸ್ಕಾಟನು ಟೆರ್ರಾ ನೋವಾ ಹಡಗಿನಲ್ಲಿ ಎರಡನೆಯ ಬಾರಿ ಹೊರಟಾಗ ವಿಲ್ಸನ್ ವಿಜ್ಞಾನಿಗಳ ಮುಖ್ಯಸ್ಥನಾಗಿ ಹೋದನು. ಕಿರಿಯರೆಲ್ಲ ಆತನನ್ನು ಬಿಲ್ ಚಿಕ್ಕಪ್ಪನೆಂದು ಕರೆಯುತ್ತಿದ್ದರು. ಜಗಳವಾದರೆ ಆತನ ಬಳಿಗೆ, ಮನಸ್ಸು ಕುಗ್ಗಿದರೆ ಆತನ ಬಳಿಗೆ ಹೋಗುವುದು ಆ ಗುಡಿಸಲಿನ ರೂಢಿಯಾಗಿದ್ದಿತು. ೧೯೧೧ರ ಜೂನ್ ೨೭ರಂದು, ಸೂರ್ಯನೇ ಕಾಣದ ಧ್ರುವದ ಇರುಳಿನಲ್ಲಿ, ಚಕ್ರವರ್ತಿ ಪೆಂಗ್ವಿನ್ನಿನ ಮೊಟ್ಟೆಗಳನ್ನು ತರಲು ಬೋವರ್ಸ್, ಚೆರಿ-ಗ್ಯಾರಾರ್ಡ್ ಎಂಬಿಬ್ಬರೊಡನೆ ಕ್ರೋಜಿಯರ್ ಭೂಶಿರಕ್ಕೆ ಆತನು ಹೊರಟನು. ಸೊನ್ನೆಗಿಂತ ೬೦ ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ; ಬಿರುಗಾಳಿ ಡೇರೆಯನ್ನೇ ಹಾರಿಸಿಕೊಂಡು ಹೋಯಿತು; ಪುಣ್ಯವಶಾತ್ ಅದು ಮತ್ತೆ ಸಿಕ್ಕಿತು. ಐದು ವಾರಗಳ ಬಳಿಕ ಮೂವರು ಮೂರು ಮೊಟ್ಟೆಗಳೊಡನೆ ಹಿಂದಿರುಗಿದರು. ಹಕ್ಕಿಯ ಭ್ರೂಣದಲ್ಲಿ ಸರೀಸೃಪಗಳ ಸಂಬಂಧದ ಗುರುತು ಕಾಣಬಹುದೆಂಬ ಊಹೆಯಿಂದ ಇಷ್ಟೆಲ್ಲ ಕಷ್ಟಪಟ್ಟದ್ದು. ಆ ಊಹೆ ಮುಂದೆ ನಿಲ್ಲಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಧ್ರುವದ ಕಡೆಗೆ ಪ್ರಯಾಣ ಆರಂಭವಾಯಿತು. ಕೊನೆಯ ಘಟ್ಟದಲ್ಲಿ ಸ್ಕಾಟ್, ವಿಲ್ಸನ್, ಬೋವರ್ಸ್, ಓಟ್ಸ್, ಎಡ್ಗರ್ ಎವನ್ಸ್ ಎಂಬ ಐವರು ಉಳಿದರು. ೧೯೧೨ರ ಜನವರಿ ೧೭ರಂದು ಧ್ರುವವನ್ನು ಮುಟ್ಟಿದಾಗ, ನಾರ್ವೆಯ ಅಮುಂಡ್‌ಸೆನ್ ೧೯೧೧ರ ಡಿಸೆಂಬರ್ ೧೪ರಂದೇ ಅಲ್ಲಿಗೆ ಬಂದು ಹೋಗಿದ್ದನು. ಸೋತ ಮನಸ್ಸಿನಿಂದ ಹಿಂದಿರುಗುವಾಗಲೂ ವಿಲ್ಸನ್ ಬಿಯರ್ಡ್‌ಮೋರ್ ಹಿಮನದಿಯ ದಂಡೆಯಲ್ಲಿ ನಿಂತು ಕಲ್ಲುಗಳನ್ನು ಆರಿಸಿದನು. ಸುಮಾರು ೧೬ ಕಿಲೋಗ್ರಾಂ ತೂಕದ ಆ ಕಲ್ಲುಗಳನ್ನು ಹಸಿದ ಆ ಜನ ಕೊನೆಯವರೆಗೂ ಎಳೆದರು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಸಸ್ಯದ ಎಲೆಯ ಅಚ್ಚುಗಳಿದ್ದವು. ನಮ್ಮ ದೇಶದ ಕಲ್ಲಿದ್ದಲು ಗಣಿಗಳ ಬಂಡೆಗಳಲ್ಲಿಯೂ ಅದೇ ಎಲೆಯ ಅಚ್ಚುಗಳಿವೆ. ಒಂದು ಕಾಲದಲ್ಲಿ ಅಂಟಾರ್ಕ್ಟಿಕವೂ ಭಾರತವೂ ಒಂದೇ ಭೂಭಾಗವಾಗಿದ್ದುವೆಂಬುದಕ್ಕೆ ಈ ಎಲೆ ಸಾಕ್ಷಿಯಾಯಿತು.

ಫೆಬ್ರವರಿ ೧೭ರಂದು ಎವನ್ಸ್ ತೀರಿಕೊಂಡನು. ಮಾರ್ಚಿನ ಮಧ್ಯದಲ್ಲಿ ಓಟ್ಸ್ ಡೇರೆಯಿಂದ ಹೊರಗೆ ಹೋಗಿ ಮರಳಲಿಲ್ಲ. ಉಳಿದ ಮೂವರು ಆಹಾರದ ದೊಡ್ಡ ಉಗ್ರಾಣಕ್ಕೆ ಕೇವಲ ೧೧ ಮೈಲಿ ದೂರದಲ್ಲಿ ಬಿರುಗಾಳಿಗೆ ಸಿಕ್ಕಿ ನಿಂತರು. ಅಂಥ ದುಡಿಮೆಗೆ ಅವರ ಊಟ ಸಾಲುತ್ತಿರಲಿಲ್ಲವೆಂದು ಮುಂದಿನ ತಜ್ಞರು ಲೆಕ್ಕಹಾಕಿ ತೋರಿಸಿದ್ದಾರೆ. ಅವರು ನಿಂತದ್ದು ಕಡಲಿನಿಂದ ಬಹುದೂರದ ಹಿಮದ ಬಯಲಿನಲ್ಲಿ. ಅಲ್ಲಿ ಸೀಲ್ ಇಲ್ಲ, ಪೆಂಗ್ವಿನ್ ಇಲ್ಲ, ತಿನ್ನಬಹುದಾದ ಯಾವ ಜೀವವೂ ಇಲ್ಲ. ಒಂಬತ್ತು ವರ್ಷದ ಹಿಂದೆ ಯಾವ ಪ್ರಾಣಿಯ ಮಾಂಸ ಆತನನ್ನು ಬದುಕಿಸಿತ್ತೊ ಅದು ಈ ಸಲ ಕೈಗೆಟುಕದಷ್ಟು ದೂರದಲ್ಲಿದ್ದಿತು. ಯಾವ ಪ್ರಾಣಿ ಏನನ್ನು ತಿಂದು ಬದುಕುತ್ತದೆಂದು ಬಾಳೆಲ್ಲ ಕೇಳಿದವನು ತಿನ್ನಲು ಏನೂ ಇಲ್ಲದೆ ಮಡಿದನು. ಆಗ ಆತನಿಗೆ ೩೯ ವರ್ಷ. ನವೆಂಬರ್ ೧೨ರಂದು ಹುಡುಕಿ ಬಂದವರಿಗೆ ಮೂರು ದೇಹಗಳೂ ಕಲ್ಲಿನ ಗಂಟೂ ದೊರೆತವು. ಗಂಡನನ್ನು ಎದುರುಗೊಳ್ಳಲು ನ್ಯೂಜಿಲೆಂಡಿಗೆ ಬಂದಿದ್ದ ಓರಿಯಾನಳಿಗೆ ಈ ಸುದ್ದಿ ತಿಳಿದದ್ದು ೧೯೧೩ರ ಫೆಬ್ರವರಿಯಲ್ಲಿ.

ವಿಲ್ಸನ್ನನ ಪ್ರಶ್ನೆ ಆತನೊಡನೆ ಮಡಿಯಲಿಲ್ಲ. ಆತನ ಉತ್ತರಗಳಲ್ಲಿ ಕೆಲವು ನಿಂತವು, ಕೆಲವು ಬಿದ್ದವು. ಏಡಿಭಕ್ಷಕ ಸೀಲ್‌ಗಳ ಮೈಮೇಲಿನ ಉದ್ದವಾದ ಗಾಯದ ಗೆರೆಗಳು ಓರ್ಕಾ ತಿಮಿಂಗಿಲದ ಹಲ್ಲಿನವೆಂದು ಆತನು ಭಾವಿಸಿದ್ದನು. ಅವು ಹೆಚ್ಚಾಗಿ ಚಿರತೆ ಸೀಲಿನಿಂದ ಎಳೆಯ ವಯಸ್ಸಿನಲ್ಲಿ ತಪ್ಪಿಸಿಕೊಂಡಾಗ ಆದ ಗಾಯಗಳೆಂದು ೧೯೭೦ರ ದಶಕದಲ್ಲಿ ತಿಳಿದುಬಂದಿತು. ಆ ಭಯಂಕರ ಚಿರತೆ ಸೀಲೂ ಕ್ರಿಲ್ಲನ್ನು ಜರಡಿ ಹಿಡಿದು ಬೇಕಾದಷ್ಟು ತಿನ್ನುತ್ತದೆಂಬುದು ಈಗ ಎಲ್ಲ ವಿಜ್ಞಾನಿಗಳಿಗೂ ಗೊತ್ತು.

ವಿಧಾನವೂ ಬದಲಾಯಿತು. ಜಠರವನ್ನು ಕೊಯ್ದು ನೋಡುವುದರಲ್ಲಿ ಎರಡು ದೋಷಗಳಿವೆ: ಒಂದು, ಪ್ರಾಣಿ ಸಾಯಬೇಕು, ಇನ್ನೊಂದು, ಅದು ಕೊನೆಯ ಊಟವನ್ನು ಮಾತ್ರ ಹೇಳುತ್ತದೆ. ಈಗಿನವರು ಮಂಜಿನ ಮೇಲೆ ಬಿದ್ದ ಸೀಲಿನ ಮಲವನ್ನು ಸಂಗ್ರಹಿಸಿ ತೊಳೆದು, ಅದರಲ್ಲಿ ಉಳಿದ ಮೀನಿನ ಕಿವಿಯೊಳಗಿನ ಸಣ್ಣ ಕಲ್ಲುಗಳನ್ನು ಆರಿಸುತ್ತಾರೆ. ಆ ಕಲ್ಲಿನ ಆಕಾರದಿಂದ ಮೀನಿನ ಜಾತಿಯೂ ಗಾತ್ರದಿಂದ ಮೀನಿನ ಉದ್ದವೂ ತಿಳಿಯುತ್ತದೆ. ಮಲದಲ್ಲಿ ಉಳಿದ ಡಿ.ಎನ್.ಎ. ಎಂಬ ವಂಶದ್ರವ್ಯದಿಂದ, ಮೂಳೆಯಿಲ್ಲದ ಆಹಾರದ ಗುರುತೂ ಸಿಗುತ್ತದೆ. ಒಂದು ಮೀಸೆಯ ಕೂದಲನ್ನು ಕತ್ತರಿಸಿ ಅದರಲ್ಲಿನ ಸಾರಜನಕ ಮತ್ತು ಇಂಗಾಲದ ಭಾರವಾದ ಹಾಗೂ ಹಗುರವಾದ ಪರಮಾಣುಗಳ ಪ್ರಮಾಣವನ್ನು ಅಳೆದರೆ, ಆ ಮೀಸೆ ಬೆಳೆದ ತಿಂಗಳುಗಳಲ್ಲೆಲ್ಲ ಪ್ರಾಣಿಯು ಮೀನನ್ನು ಹೆಚ್ಚು ತಿಂದಿತೊ ಕ್ರಿಲ್ಲನ್ನು ಹೆಚ್ಚು ತಿಂದಿತೊ ಎಂದು ಹೇಳಬಹುದು. ಒಂದು ಚಿಟಿಕೆ ಕೊಬ್ಬಿನಲ್ಲಿಯೂ ತಿಂದುದರ ಗುರುತುಗಳು ಉಳಿದಿರುತ್ತವೆ.

ವಿಲ್ಸನ್ ದುಡಿದ ಅದೇ ಮೆಕ್‌ಮರ್ಡೊ ಖಾರಿಯಲ್ಲಿ ೧೯೬೪ರ ಸುಮಾರಿಗೆ ಜೆರಲ್ಡ್ ಕೂಯ್‌ಮನ್ ಎಂಬ ಅಮೆರಿಕದ ವಿಜ್ಞಾನಿ, ಅಡಿಗೆಮನೆಯಲ್ಲಿ ಬಳಸುವ ಸಮಯಸೂಚಕವನ್ನೇ ಅಳವಡಿಸಿದ ಆಳಮಾಪಕವನ್ನು ವೆಡ್ಡೆಲ್ ಸೀಲಿನ ಬೆನ್ನಿಗೆ ಕಟ್ಟಿ, ಅದು ೬೦೦ ಮೀಟರಿನ ಆಳಕ್ಕೂ ಇಳಿಯಬಲ್ಲದೆಂದು ತೋರಿಸಿದನು. ೧೯೯೦ರ ದಶಕದಲ್ಲಿ ಸೀಲಿನ ತಲೆಗೆ ಸಣ್ಣ ಕ್ಯಾಮರಾ ಕಟ್ಟಿದರು. ಮಂಜಿನ ಬಿರುಕಿನಲ್ಲಿ ಅಡಗಿದ ಮೀನನ್ನು ಹೊರಡಿಸಲು ಸೀಲ್ ಮೂಗಿನಿಂದ ಗಾಳಿಯ ಗುಳ್ಳೆಗಳನ್ನು ಊದುವುದನ್ನು ಮನುಷ್ಯರು ಆಗ ಕಂಡರು. ಟೂತ್‌ಫಿಶ್ ಎಂಬ ಭಾರಿ ಮೀನನ್ನು ಅದು ಬೆನ್ನಟ್ಟುವುದೂ ಕಂಡಿತು. ಆ ಮೀನಿನ ತಲೆಯನ್ನು ಬಿಟ್ಟು ಮಾಂಸವನ್ನಷ್ಟೇ ತಿನ್ನುವುದರಿಂದ ಕಿವಿಗಲ್ಲು ಹೊಟ್ಟೆಗೆ ಹೋಗುವುದೇ ಇಲ್ಲ. ಕಲ್ಲನ್ನೇ ನಂಬಿದವರಿಗೆ ಆ ಊಟ ತಿಳಿಯುವುದೂ ಇಲ್ಲ. ಒಂದು ವಿಧಾನದ ಕುರುಡನ್ನು ಇನ್ನೊಂದು ವಿಧಾನದ ಕಣ್ಣು ತುಂಬಬೇಕು.

ಇಷ್ಟೆಲ್ಲ ಯಾತಕ್ಕೆ ಎಂದು ಕೇಳುವವರಿರಬಹುದು. ಅದೇ ಟೂತ್‌ಫಿಶ್ಶನ್ನು, ಅದೇ ಕ್ರಿಲ್ಲನ್ನು ಮನುಷ್ಯರ ಹಡಗುಗಳೂ ಇಂದು ಹಿಡಿಯುತ್ತಿವೆ. ಕ್ರಿಲ್ಲಿನ ಮರಿಗಳು ಚಳಿಗಾಲದಲ್ಲಿ ಕಡಲಮಂಜಿನ ಅಡಿಯ ಪಾಚಿಯನ್ನು ಮೇಯುತ್ತವೆ. ಮಂಜು ಕಡಮೆಯಾದರೆ ಅವುಗಳ ಮೇವೂ ಕಡಮೆ. ಒಂದು ಪ್ರಾಣಿಯ ತಟ್ಟೆಯಿಂದ ನಾವು ಎಷ್ಟನ್ನು ತೆಗೆದರೆ ಅದು ಉಪವಾಸ ಬೀಳುತ್ತದೆಂದು ಅರಿಯದೆ ತೆಗೆಯುವುದು ಅನ್ಯಾಯ. ೧೯೮೦ರಲ್ಲಿ ಸಹಿಯಾಗಿ ೧೯೮೨ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ, ಅಲ್ಲಿ ಮೀನು ಹಿಡಿಯುವ ಮಿತಿಯನ್ನು ಗೊತ್ತುಮಾಡುವಾಗ ಆ ಮೀನನ್ನು ತಿಂದು ಬದುಕುವ ಪ್ರಾಣಿಗಳ ಪಾಲನ್ನೂ ಗಣಿಸಬೇಕು. ಭಾರತವೂ ಈ ಒಪ್ಪಂದದಲ್ಲಿ ಸೇರಿದೆ. ರಾಸ್ ಸಮುದ್ರದ ಬಹುಭಾಗವು ೨೦೧೭ರ ಡಿಸೆಂಬರಿನಿಂದ ರಕ್ಷಿತ ಪ್ರದೇಶವಾಗಿದೆ. ಸೀಲ್ ಏನನ್ನು ತಿನ್ನುತ್ತದೆಂದು ತಿಳಿಯದಿದ್ದರೆ ಅದರ ಪಾಲನ್ನು ಗೊತ್ತುಮಾಡುವುದಾದರೂ ಹೇಗೆ?

ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ತಂದೆಯವರಿಗೆ ಈ ಕಥೆಯನ್ನು ಹೇಳಿದೆ. ಹಿಮದ ಮೇಲೆ ಸೀಲಿನ ಮಲವನ್ನು ಆರಿಸುವ ವಿದ್ವಾಂಸರ ಮಾತು ಬಂದಾಗ ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಅದರಲ್ಲಿ ಹುಳುವಿತ್ತೆ ಎಂದು ಮಾತ್ರ ಕೇಳಿದರು. ಕಾಲೇಜಿನಲ್ಲಿ ಕಲಿತದ್ದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ಮೂರು ವರ್ಷ ತಡವರಿಸಿದ ನನಗೆ ಅಂದು ಮಾತು ಸುಲಭವಾಗಿ ಹರಿಯಿತು. ಆ ಸಂಜೆ ಕೊಟ್ಟಿಗೆಗೆ ಹೋದಾಗ ಅವರ ಕೈಯ ಕೋಲನ್ನು ನಾನು ಇಸಿದುಕೊಂಡೆ.

— ಅಂತಿಮ ಬಿ.ಎ. ತರಗತಿ